ಹತ್ತು ಸೈಟೊಕೈನ್‌ಗಳೂ ಒಟ್ಟಿಗೇ ಏರುತ್ತಿವೆ: ಬೀಡ್ ಪ್ಲೇಟಿನಲ್ಲಿ ದೋಷವೆಲ್ಲಿ?

ಕಾಳಿದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಮೂರು ವಾರಗಳಿಂದ ಇದೊಂದರಲ್ಲೇ ತಲೆ ಹಾಕಿಕೊಂಡು ಕುಳಿತಿದ್ದೇನೆ. ದಾರಿ ಕಾಣದೆ ಇಲ್ಲಿ ಕೇಳುತ್ತಿದ್ದೇನೆ. ಒಂದೇ ವೆಲ್‌ನಲ್ಲಿ (ಪ್ಲೇಟಿನ ಗುಳಿಯಲ್ಲಿ) ಹತ್ತು ಸೈಟೊಕೈನ್‌ಗಳನ್ನು, ಅಂದರೆ ರೋಗನಿರೋಧಕ ಕೋಶಗಳ ಸಂಕೇತ ಪ್ರೋಟೀನ್‌ಗಳನ್ನು, ಅಳೆಯುವ ಮ್ಯಾಗ್ನೆಟಿಕ್ ಬೀಡ್ (ಆಂಟಿಬಾಡಿ ಲೇಪಿಸಿದ ಸಣ್ಣ ಕಾಂತೀಯ ಮಣಿ) ಕಿಟ್ ಬಳಸುತ್ತಿದ್ದೇನೆ. 40 ಸೀರಮ್ ಮಾದರಿಗಳಲ್ಲಿ 29ರ ಅಂಕಿಗಳು ನಂಬುವಂತಿವೆ. ಉಳಿದ 11ರಲ್ಲಿ ಹತ್ತಕ್ಕೆ ಹತ್ತೂ, ಕಚ್ಚಾ ಎಂಎಫ್‌ಐಯಲ್ಲೇ (ಬೀಡಿನ ಹೊಳಪಿನ ಅಳತೆಯಲ್ಲೇ), ಮೇಲೇರಿ ನಿಂತಿವೆ. ಐಎಲ್-6 ಏರಿದರೆ ಅರ್ಥವಿದೆ, ಆದರೆ ಸೀರಮ್‌ನಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಕಷ್ಟವಾದ ಐಎಲ್-4 ಕೂಡ ಅದರ ಜೊತೆಗೇ ಏರುವುದೆಂದರೇನು? ಬ್ಲ್ಯಾಂಕ್‌ನ (ಮಾದರಿ ಹಾಕದ ವೆಲ್‌ನ) ಎಂಎಫ್‌ಐ 20ರ ಆಸುಪಾಸಿನಲ್ಲಿದೆ, ಗೊತ್ತಿರುವ ಪ್ರಮಾಣಗಳಿಂದ ಎಳೆದ ಸ್ಟ್ಯಾಂಡರ್ಡ್ ಕರ್ವ್ ಚೆನ್ನಾಗಿ ಬಂದಿದೆ. ಆ 11 ವೆಲ್‌ಗಳಲ್ಲಿ ಮಾತ್ರ ಬೀಡ್ ಎಣಿಕೆ ಪ್ರತಿ ಗುರಿಗೆ (ಅಂದರೆ ಪ್ರತಿ ಸೈಟೊಕೈನಿಗೆ) 50ಕ್ಕಿಂತ ಕೆಳಗೆ ಇಳಿದಿದೆ. ಎರಡನೆಯ ಸಲ ಓಡಿಸಿದಾಗಲೂ ಅವೇ 11, ಅದೇ ರೀತಿ. ಕಿಟ್ ಕಂಪನಿಯವರನ್ನು ಕೇಳಿದರೆ ಮತ್ತೊಮ್ಮೆ ಓಡಿಸಿ ಎನ್ನುತ್ತಾರೆ. ಇನ್ನೊಂದು ಪ್ಲೇಟ್ ಕೊಳ್ಳುವಷ್ಟು ಹಣ ನನ್ನ ಯೋಜನೆಯಲ್ಲಿ ಉಳಿದಿಲ್ಲ.

ಅಘನಾಶಿನಿ (ಕುಮಟಾ)

ಎಣಿಕೆ ಇಳಿದಿದೆ, ಹಿನ್ನೆಲೆ ಏರಿದೆ ಎಂದರೆ ತೊಳೆಯುವ ಹಂತದಲ್ಲೇ ತಪ್ಪಿದೆ. ಕೈಯಲ್ಲಿ ಹಿಡಿಯುವ ಮ್ಯಾಗ್ನೆಟ್ ಬಳಸುತ್ತಿದ್ದೀರಾದರೆ ಪ್ಲೇಟನ್ನು ಅದರ ಮೇಲೆ ಪೂರ್ತಿ ಒಂದು ನಿಮಿಷ ಕೂರಿಸಿ, ಆಮೇಲೆ ಒಂದೇ ಸಲಕ್ಕೆ ಬಗ್ಗಿಸಿ ಚೆಲ್ಲಿ. ಅರ್ಧಂಬರ್ಧ ಬಗ್ಗಿಸಿದರೆ ಬೀಡ್‌ಗಳು ಜಾರಿಹೋಗುತ್ತವೆ ಮತ್ತು ಅಂಟದೆ ಉಳಿದ ಸ್ಟ್ರೆಪ್ಟಾವಿಡಿನ್-ಪಿಇ (ಹೊಳೆಯುವ ಬಣ್ಣ) ತಳದಲ್ಲೇ ನಿಂತುಬಿಡುತ್ತದೆ. ನಾನು ಮೊದಲು ಫಿಲ್ಟರ್ ತಳದ ಪ್ಲೇಟಿನಲ್ಲಿ ನಿರ್ವಾತ ಹಾಕಿ ತೊಳೆಯುತ್ತಿದ್ದವನು. ಸ್ವಯಂಚಾಲಿತ ಮ್ಯಾಗ್ನೆಟಿಕ್ ವಾಶರ್ ಬಂದ ಮೇಲೆ ಎಣಿಕೆ ನೂರಕ್ಕಿಂತ ಕೆಳಗೆ ಇಳಿದದ್ದನ್ನು ನಾನು ನೋಡಿಯೇ ಇಲ್ಲ.

ಮಾರಿಗುಡಿಬೀದಿ (ಶಿರಸಿ)

ತಂಗೀ, ಒಂದು ಪ್ರಶ್ನೆ. ಈ ಸೀರಮ್ ಯಾರದ್ದು? ಯಾವ ತೊಂದರೆ ಇರುವವರದ್ದು?

ಸದಾಶಿವಗಡ

ಮಳೆಗಾಲದಲ್ಲಿ ಕರೆಂಟ್ ಹೋಗಿ ಮೈನಸ್ 80 ಫ್ರೀಜರ್ ಕರಗಿರುವ ಸಾಧ್ಯತೆಯನ್ನು ಯಾರೂ ಎತ್ತಲಿಲ್ಲ. ಮಾದರಿಗಳು ಎಷ್ಟು ಸಲ ಕರಗಿ ಹೆಪ್ಪುಗಟ್ಟಿವೆ?

ಕಾಳಿದಂಡೆ (ಕಾರವಾರ)

ಫ್ರೀಜರಿನ ತಾಪಮಾನ ದಾಖಲೆಯಲ್ಲಿ ಏರುಪೇರು ಇಲ್ಲ. ಪ್ರತಿ ಮಾದರಿಯನ್ನೂ ಮೊದಲ ದಿನವೇ ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿಟ್ಟಿರುವುದರಿಂದ ಒಂದು ಟ್ಯೂಬ್ ಒಂದೇ ಸಲ ಕರಗುತ್ತದೆ. ಅಘನಾಶಿನಿ ಸರ್ ಹೇಳಿದಂತೆ ಮ್ಯಾಗ್ನೆಟ್ ಮೇಲೆ ಎರಡು ನಿಮಿಷ ಇಟ್ಟು, ಉಳಿದಿದ್ದ ಅರ್ಧ ಪ್ಲೇಟಿನಲ್ಲಿ ಮಾದರಿಗಳ ಜಾಗ ಬದಲಿಸಿ ಓಡಿಸಿದೆ. ಎಣಿಕೆ ಆ 11ರಲ್ಲಿ ಮಾತ್ರ ಮತ್ತೆ ಕಡಿಮೆ. ಪಕ್ಕದ ವೆಲ್‌ಗಳು ಸರಿಯಾಗಿವೆ.

ಅಘನಾಶಿನಿ (ಕುಮಟಾ)

ವಾಶ್ ಬಫರಿನಲ್ಲಿ ಟ್ವೀನ್-20 ಡಿಟರ್ಜೆಂಟ್ ಎಷ್ಟಿದೆ? ಕೊನೆಯ ತೊಳೆತದ ನಂತರ ಶೇಕರ್ ಮೇಲೆ ಇಡುತ್ತೀರಾ? ಬೀಡ್‌ಗಳು ಗಟ್ಟಿಯಾಗಿ ಕುಳಿತರೆ ಎಣಿಕೆ ಇಳಿಯುವುದು ಸಹಜ. ನನ್ನ ಅಭಿಪ್ರಾಯ ಬದಲಾಗಿಲ್ಲ.

ಮುರುಡೇಶ್ವರ

ಕರ್ವ್ ಚೆನ್ನಾಗಿದೆ ಎಂದರೆ ಯಾವ ಲೆಕ್ಕದಲ್ಲಿ? ನಾಲ್ಕು ಪ್ಯಾರಾಮೀಟರ್ ಫಿಟ್ (ಕರ್ವ್ ಹೊಂದಿಸುವ ಸೂತ್ರ) ಹಾಕಿದ್ದರೆ ಕೆಳತುದಿಯಲ್ಲಿ ಅಂಕಿಗಳು ಉಬ್ಬಿ ಕಾಣಬಹುದು. ಅಸಮ್ಮಿತ ಕರ್ವ್‌ಗಳಿಗೆ ಐದು ಪ್ಯಾರಾಮೀಟರ್ ಬೇಕು.

ಸದಾಶಿವಗಡ

ಕಚ್ಚಾ ಎಂಎಫ್‌ಐಯೇ ಏರಿದೆ ಎಂದು ಅವರು ಬರೆದಿರುವಾಗ ಫಿಟ್ಟಿನ ಮಾತು ಇಲ್ಲಿ ಅಪ್ರಸ್ತುತ. ಫಿಟ್ ಬದಲಿಸಿದರೆ ಬೀಡ್ ಎಣಿಕೆ ಬದಲಾಗುತ್ತದೆಯೇ?

ಮುರುಡೇಶ್ವರ

ಅಪ್ರಸ್ತುತವಲ್ಲ. ಹತ್ತು ಗುರಿಗಳಿಗೆ ಹತ್ತು ಕರ್ವ್‌ಗಳಿರುತ್ತವೆ, ಎಲ್ಲಕ್ಕೂ ಒಂದೇ ಫಿಟ್ ಹಾಕುವ ಅಭ್ಯಾಸ ತಪ್ಪು ಎಂಬುದಷ್ಟೇ ನನ್ನ ಮಾತು. ಈ 11 ವೆಲ್‌ಗಳಿಗೆ ಅದು ಉತ್ತರವಲ್ಲ ಎಂಬುದನ್ನು ಒಪ್ಪುತ್ತೇನೆ.

ಮಾರಿಗುಡಿಬೀದಿ (ಶಿರಸಿ)

ಮತ್ತೆ ಕೇಳುತ್ತೇನೆ. ಮಾದರಿಗಳು ಯಾರವು?

ಕಾಳಿದಂಡೆ (ಕಾರವಾರ)

ಕ್ಷಮಿಸಿ, ನಿಮ್ಮ ಪ್ರಶ್ನೆ ಕಣ್ತಪ್ಪಿಹೋಗಿತ್ತು. ಉರಿಯೂತದ ಅಧ್ಯಯನ ಎಂದಮೇಲೆ ಅದನ್ನು ಬೇರೆ ಹೇಳಬೇಕಿಲ್ಲ ಎಂದುಕೊಂಡಿದ್ದೆ. 40ರಲ್ಲಿ 20 ಮಂದಿ ಆರೋಗ್ಯವಂತರು. 20 ಮಂದಿ ಗಂಟುನೋವಿನ ವಿಭಾಗಕ್ಕೆ ಬಂದವರು, ಅವರಲ್ಲಿ ಹೆಚ್ಚಿನವರಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ನಿರ್ಣಯವಾಗಿದೆ. ಈಗ ಪಟ್ಟಿ ತೆಗೆದು ನೋಡಿದೆ: ಆ 11ರಲ್ಲಿ 10 ಅವರದ್ದೇ.

ಮಾರಿಗುಡಿಬೀದಿ (ಶಿರಸಿ)

ಹಾಗಾದರೆ ನಿಮ್ಮ ಕೈ, ಮ್ಯಾಗ್ನೆಟ್, ಫ್ರೀಜರ್ ಯಾವುದರ ತಪ್ಪೂ ಇದ್ದಂತಿಲ್ಲ. ನಾನು ಬೀಡ್ ಯಂತ್ರದ ಮುಂದೆ ಕುಳಿತವನಲ್ಲ, ಆದರೆ ಲ್ಯಾಬಿನಲ್ಲಿ ಆರ್‌ಎ (ರುಮಟಾಯ್ಡ್) ಫ್ಯಾಕ್ಟರ್ ಪರೀಕ್ಷೆ ಮಾಡುತ್ತಲೇ ನನ್ನ ನೌಕರಿ ಕಳೆದಿದೆ. ಕರಿ ಸ್ಲೈಡಿನ ಮೇಲೆ ಒಂದು ಹನಿ ಸೀರಮ್, ಒಂದು ಹನಿ ಲ್ಯಾಟೆಕ್ಸ್ ಹಾಕಿ ಕಡ್ಡಿಯಿಂದ ಕಲಸಿ ಅಲುಗಾಡಿಸಿದರೆ, ಫ್ಯಾಕ್ಟರ್ ಇದ್ದವರಲ್ಲಿ ಮೊಸರು ಒಡೆದಂತೆ ಕಣಗಳು ಗುಂಪುಗೂಡುತ್ತವೆ. ಲ್ಯಾಟೆಕ್ಸ್ ಕಣದ ಮೇಲಿರುವುದು ಮನುಷ್ಯನ ಐಜಿಜಿ, ಅಂದರೆ ರಕ್ತದ ಸಾಮಾನ್ಯ ಆಂಟಿಬಾಡಿ. ರುಮಟಾಯ್ಡ್ ಫ್ಯಾಕ್ಟರ್ ಎಂದರೆ ಐಜಿಜಿಯ ಎಫ್‌ಸಿ (ಬಾಲದ) ಭಾಗವನ್ನೇ ಹಿಡಿಯುವ ಆಂಟಿಬಾಡಿ. ಹೆಚ್ಚಾಗಿ ಐಜಿಎಂ ಜಾತಿಯದು, ಹತ್ತು ಕೈಗಳುಳ್ಳದ್ದು. ಅದು ಎರಡು ಕಣಗಳನ್ನು ಒಟ್ಟಿಗೆ ಹಿಡಿದು ಕಟ್ಟುತ್ತದೆ.

ನಿಮ್ಮ ಬೀಡ್ ಕೂಡ ಆಂಟಿಬಾಡಿ ಲೇಪಿಸಿದ ಕಣವೇ ಅಲ್ಲವೇ? ನೀವು ಅರಿಯದೆ ಪ್ರತಿ ವೆಲ್‌ನಲ್ಲೂ ಒಂದು ಆರ್‌ಎ ಪರೀಕ್ಷೆ ನಡೆಸಿದ್ದೀರಿ. ಕಿಟ್ಟಿನ ಆಂಟಿಬಾಡಿಗಳು ಪ್ರಾಣಿಗಳವು, ಮನುಷ್ಯನ ಫ್ಯಾಕ್ಟರ್ ಅವನ್ನು ಹಿಡಿಯುವುದು ಹೇಗೆ ಎಂದು ಕೇಳಬಹುದು. 1940ರಲ್ಲಿ ವಾಲರ್, 1948ರಲ್ಲಿ ರೋಸ್ ಬಳಕೆಗೆ ತಂದ ಹಳೆಯ ಪರೀಕ್ಷೆಯಲ್ಲಿ ಕುರಿಯ ಕೆಂಪು ರಕ್ತಕಣಗಳ ಮೇಲೆ ಮೊಲದ ಆಂಟಿಬಾಡಿ ಲೇಪಿಸಿಯೇ ಈ ಫ್ಯಾಕ್ಟರನ್ನು ಪತ್ತೆ ಹಚ್ಚುತ್ತಿದ್ದರು. ಲ್ಯಾಟೆಕ್ಸ್ ಬಂದದ್ದು 1956ರಲ್ಲಿ.

ಅಘನಾಶಿನಿ (ಕುಮಟಾ)

ಸರ್, ನಿಮ್ಮ ಮಾತು ಓದಿದ ಮೇಲೆ ನನ್ನ ತೊಳೆತದ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ, ಏಕೆಂದರೆ ಎಣಿಕೆ ಇಳಿಯುವುದಕ್ಕೂ ಇದೇ ವಿವರಣೆ ಸಾಕು. ಯಂತ್ರವು ಕೆಂಪು ಲೇಸರಿನಿಂದ ಬೀಡಿನ ಬಣ್ಣ ಓದಿ ಅದು ಯಾವ ಗುರಿಯದು ಎಂದು ತಿಳಿಯುತ್ತದೆ, ಹಸಿರು ಲೇಸರಿನಿಂದ ಪಿಇಯ ಹೊಳಪನ್ನು ಅಳೆಯುತ್ತದೆ. ಎರಡು ಬೀಡ್‌ಗಳು ಅಂಟಿಕೊಂಡು ಬಂದರೆ ಡಬ್ಲೆಟ್ ಗೇಟ್ ಅವನ್ನು ಹೊರಗಿಡುತ್ತದೆ. ಅಂದರೆ ಬೀಡ್‌ಗಳು ತೊಳೆದುಹೋಗಿಲ್ಲ, ಗುಂಪುಗೂಡಿ ಎಣಿಕೆಯಿಂದ ಹೊರಬಿದ್ದಿವೆ. ಕಾಳಿದಂಡೆ ಮೇಡಂ, ಕಚ್ಚಾ ಫೈಲಿನಲ್ಲಿ ಗೇಟಿನ ಹೊರಗೆ ಬಿದ್ದವು ಎಷ್ಟೆಂದು ನೋಡಿ.

ಹತ್ತೂ ಗುರಿಗಳು ಒಟ್ಟಿಗೆ ಏರುವುದಕ್ಕೂ ಕಾರಣ ಸ್ಪಷ್ಟವಿದೆ. ಬೀಡಿನ ಮೇಲಿರುವ ಹಿಡಿಯುವ ಆಂಟಿಬಾಡಿ ಮತ್ತು ಪಿಇ ಅಂಟಿಕೊಳ್ಳುವ ಗುರುತಿಸುವ ಆಂಟಿಬಾಡಿಗಳ ನಡುವೆ ಸೈಟೊಕೈನ್ ಇಲ್ಲದೆಯೇ ಈ ಫ್ಯಾಕ್ಟರ್ ಸೇತುವೆಯಾಗುತ್ತದೆ. ಅದಕ್ಕೆ ಐಎಲ್-4 ಯಾವುದು, ಐಎಲ್-6 ಯಾವುದು ಎಂಬ ಭೇದವಿಲ್ಲ. ಒಂದೊಂದೇ ಗುರಿಯನ್ನು ಅಳೆಯುವ ಎಲೈಸಾದಲ್ಲಿ ಇದು ಒಂದು ಹೆಚ್ಚಿನ ಅಂಕಿಯಾಗಿ ಅಡಗಿಬಿಡುತ್ತಿತ್ತು. ಹತ್ತನ್ನು ಒಟ್ಟಿಗೆ ಅಳೆದದ್ದರಿಂದಲೇ ಅದು ಬಯಲಿಗೆ ಬಂದಿದೆ.

ನನ್ನಲ್ಲಿ ಯಾವುದನ್ನೂ ಲೇಪಿಸದ ಕಾರ್ಬಾಕ್ಸಿಲ್ ಬೀಡ್‌ಗಳ ಒಂದು ವಯಲ್ ಉಳಿದಿದೆ. ಅದರ ಬಣ್ಣದ ಸಂಖ್ಯೆ ನಿಮ್ಮ ಕಿಟ್ಟಿನಲ್ಲಿ ಬಳಕೆಯಾಗಿಲ್ಲದಿದ್ದರೆ ಕಳುಹಿಸಿಕೊಡುತ್ತೇನೆ. ಇಡಿಸಿ ಮತ್ತು ಸಲ್ಫೋ-ಎನ್‌ಎಚ್‌ಎಸ್ ಎಂಬ ಜೋಡಿಸುವ ರಾಸಾಯನಿಕಗಳನ್ನು ಹಾಕಿ ಯಾವ ಸೈಟೊಕೈನನ್ನೂ ಹಿಡಿಯದ ಸಾಧಾರಣ ಇಲಿ ಐಜಿಜಿಯನ್ನು ಅದಕ್ಕೆ ಕೂಡಿಸಿ ಹನ್ನೊಂದನೆಯ ಬೀಡ್ ಆಗಿ ಸೇರಿಸಿ. ಅದು ಹೊಳೆದ ವೆಲ್‌ನಲ್ಲಿ ಉಳಿದ ಹತ್ತು ಅಂಕಿಗಳನ್ನು ಹಾಗೆಯೇ ನಂಬುವಂತಿಲ್ಲ.

ಮಾರಿಗುಡಿಬೀದಿ (ಶಿರಸಿ)

ಅದಕ್ಕೆ ಮೊದಲು ಲ್ಯಾಟೆಕ್ಸ್ ಸ್ಲೈಡ್ ಮಾಡಿಬಿಡಿ. ತಾಲ್ಲೂಕು ಲ್ಯಾಬುಗಳಲ್ಲೂ ಸಿಗುವ ಪರೀಕ್ಷೆ, ಖರ್ಚೂ ಕಡಿಮೆ, ಐದು ನಿಮಿಷದ ಕೆಲಸ.

ಕಾಳಿದಂಡೆ (ಕಾರವಾರ)

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಲ್ಯಾಟೆಕ್ಸ್ ಪರೀಕ್ಷೆಯಲ್ಲಿ 11ರಲ್ಲಿ 9 ಪಾಸಿಟಿವ್. ಗೇಟಿನ ಹೊರಗೆ ಬಿದ್ದ ಬೀಡ್‌ಗಳು ಆ ವೆಲ್‌ಗಳಲ್ಲೇ ಹೆಚ್ಚು. ಕುಮಟಾದಿಂದ ಬಂದ ಬೀಡಿಗೆ ಇಲಿ ಐಜಿಜಿ ಕೂಡಿಸಿ, ಸಹೋದ್ಯೋಗಿಯೊಬ್ಬರ ಪ್ಲೇಟಿನಲ್ಲಿ ಖಾಲಿ ಉಳಿದಿದ್ದ ಕಾಲಮ್‌ಗಳಲ್ಲಿ ಓಡಿಸಿದೆ: 11ರಲ್ಲೂ ಅದು ಹೊಳೆಯಿತು, ಆರೋಗ್ಯವಂತರ ಐದು ಮಾದರಿಗಳಲ್ಲಿ ಬ್ಲ್ಯಾಂಕಿನ ಮಟ್ಟದಲ್ಲೇ ಉಳಿಯಿತು. ಮಾದರಿಯನ್ನು ತೆಳುಗೊಳಿಸುವ ದ್ರಾವಣಕ್ಕೆ ಹೆಟೆರೊಫಿಲಿಕ್ ಬ್ಲಾಕರ್ (ಇಂಥ ಅಡ್ಡಿಪಡಿಸುವ ಆಂಟಿಬಾಡಿಗಳನ್ನು ತಡೆಯುವ ವಸ್ತು) ಸೇರಿಸಿದಾಗ 9 ಮಾದರಿಗಳಲ್ಲಿ ಐಎಲ್-4 ಬ್ಲ್ಯಾಂಕಿನ ಹತ್ತಿರಕ್ಕೆ ಇಳಿಯಿತು. ಅವುಗಳಲ್ಲಿ 6ರಲ್ಲಿ ಐಎಲ್-6 ಮತ್ತು ಟಿಎನ್‌ಎಫ್-ಆಲ್ಫಾ ಇಳಿಯದೆ ಎತ್ತರದಲ್ಲೇ ನಿಂತಿವೆ. ಅದು ನಿಜವಾದ ಉರಿಯೂತ ಎಂದು ನನಗೆ ಅನಿಸುತ್ತದೆ. ಲ್ಯಾಟೆಕ್ಸ್ ನೆಗೆಟಿವ್ ಬಂದ ಎರಡು ಮಾತ್ರ ಬ್ಲಾಕರಿಗೂ ಬಗ್ಗಿಲ್ಲ. ಅವೆರಡರಲ್ಲೂ ತಲಾ 60 ಮೈಕ್ರೋಲೀಟರ್ ಮಾತ್ರ ಉಳಿದಿದೆ.

ಸದಾಶಿವಗಡ

ಆ ಎರಡನ್ನು ಅಧ್ಯಯನದಿಂದ ಕೈಬಿಡಿ.

ಅಘನಾಶಿನಿ (ಕುಮಟಾ)

ಕೈಬಿಡಬೇಡಿ. ಲ್ಯಾಟೆಕ್ಸ್ ನೆಗೆಟಿವ್ ಆದವರಲ್ಲೂ ಇಲಿಯ ಆಂಟಿಬಾಡಿಯನ್ನು ಹಿಡಿಯುವ ಬೇರೆ ಆಂಟಿಬಾಡಿಗಳು ಇರಬಹುದು. ಒಂದಕ್ಕೆ ನಾಲ್ಕು, ಎಂಟು, ಹದಿನಾರರಂತೆ ತೆಳುಗೊಳಿಸಿ ಓಡಿಸಿ. ಒಟ್ಟು 30 ಮೈಕ್ರೋಲೀಟರಿನಲ್ಲಿ ಆಗುತ್ತದೆ. ತೆಳುವಿನ ಲೆಕ್ಕ ಸೇರಿಸಿದ ಮೇಲೂ ಅಂಕಿ ಒಂದೇ ಬಂದರೆ ಅದನ್ನು ನಂಬಲು ಆಧಾರವಿದೆ, ಪ್ರತಿ ಹಂತದಲ್ಲೂ ಬೇರೆಯಾದರೆ ಅಡ್ಡಿ ಉಳಿದಿದೆ. ಉಳಿದ 30ರಲ್ಲಿ ಬ್ಲಾಕರ್ ಪ್ರಮಾಣವನ್ನು ದುಪ್ಪಟ್ಟು ಮಾಡಿ, ಗೊತ್ತಿರುವಷ್ಟು ಐಎಲ್-6 ಬೆರೆಸಿ ಅಳೆಯಿರಿ. ಬೆರೆಸಿದ್ದರಲ್ಲಿ ಶೇಕಡಾ 80ರಿಂದ 120ರಷ್ಟು ಮರಳಿ ಸಿಗಬೇಕು.

ಕಾಳಿದಂಡೆ (ಕಾರವಾರ)

ಸೋಮವಾರ ಮಾಡುತ್ತೇನೆ. ಬ್ಲಾಕರ್ ಹಾಕದೆ ಓಡಿಸಿದ ಮೊದಲ ಎರಡು ಪ್ಲೇಟುಗಳ ಅಂಕಿಗಳನ್ನು ಪಟ್ಟಿಯಿಂದ ತೆಗೆದು, 40 ಮಾದರಿಗಳನ್ನೂ ಬ್ಲಾಕರಿನೊಂದಿಗೆ ಹೊಸದಾಗಿ ಓಡಿಸಲು ಮಾರ್ಗದರ್ಶಕರು ಒಪ್ಪಿದ್ದಾರೆ. ಪ್ಲೇಟಿನ ಹಣವನ್ನೂ ಅವರೇ ಹೊಂದಿಸುತ್ತಿದ್ದಾರೆ. ಆರೋಗ್ಯವಂತರ ಮಾದರಿಗಳಿಗೂ ಬ್ಲಾಕರ್ ಹಾಕಬೇಕೇ?

ಮಾರಿಗುಡಿಬೀದಿ (ಶಿರಸಿ)

ಹಾಕಲೇಬೇಕು ತಂಗೀ. ಹೋಲಿಸಬೇಕಾದ ಮಾದರಿಗಳಿಗೆಲ್ಲ ಒಂದೇ ದ್ರಾವಣವಿರಲಿ, ಸ್ಟ್ಯಾಂಡರ್ಡಿಗೂ ಅದನ್ನೇ ಹಾಕಿ.