ಫಾಲ್ಸ್ ಹತ್ರ ಟೆಂಟ್ ಹಾಕೋ ಪ್ಲಾನ್ ಬಗ್ಗೆ, ಉದ್ದ ಇದೆ, ಪೂರ್ತಿ ಕೇಳಿ

ಎಲ್ರೂ ಕೇಳಿ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ ಅಂತ ಮಾತಲ್ಲೇ ಹೇಳ್ತಿದೀನಿ. ಅಕ್ಕ ನಿನ್ನೆ ಕೇಳಿದ್ಲಲ್ಲ, ಮಕ್ಕಳನ್ನ ಕರ್ಕೊಂಡು ಯಾವ್ದಾದ್ರೂ ಎತ್ತರದ ಜಲಪಾತದ ತನಕ ನಡ್ಕೊಂಡು ಹೋಗಿ ರಾತ್ರಿ ಅಲ್ಲೇ ಟೆಂಟಲ್ಲಿ ಮಲಗ್ಬೇಕು ಅಂತಿದೀವಿ, ಫಾಲ್ಸ್ ಎದುರಿಗೇ ಹಾಕ್ಬೋದಾ, ಬುಡದಲ್ಲಿ ಮಕ್ಕಳು ನೀರಿಗಿಳೀಬೋದಾ ಅಂತ. ಅದಕ್ಕೆ ಭಾವ ಒಂದು ಫೋಟೋ ಹಾಕಿದ್ರು, ನೀರು ಬೀಳೋ ಜಾಗದ ಪಕ್ಕದಲ್ಲೇ ಬಂಡೆ ಮೇಲೆ ಕೆಂಪು ಟೆಂಟು, ಹಿಂದೆ ಬೆಳ್ಳಗೆ ನೀರು, "ಹಿಂಗೇ ಹಾಕೋಣ" ಅಂತ. ಫೋಟೋ ತುಂಬಾ ಚೆನ್ನಾಗಿದೆ ಭಾವ, ಆದ್ರೆ ದಯವಿಟ್ಟು ಅಂಥ ಜಾಗದಲ್ಲಿ ಮಲಗೋದು ಬೇಡ. ಹೋಗೋದು ಬೇಡ ಅಂತಿಲ್ಲ, ಖಂಡಿತ ಹೋಗಿ, ಮಕ್ಕಳಿಗೆ ಅಂಥದ್ದೊಂದು ತೋರಿಸ್ಲೇಬೇಕು. ನೋಡೋ ಜಾಗ ಬೇರೆ, ಮಲಗೋ ಜಾಗ ಬೇರೆ, ಅಷ್ಟೇ ನಾನು ಹೇಳ್ತಿರೋದು.

ಯಾಕೆ ಅಂದ್ರೆ ಎತ್ತರದ ಜಲಪಾತದ ಬುಡದಲ್ಲಿ ನಮ್ಮ ಕಿವಿ ಇದ್ದೂ ಇಲ್ದಂಗೆ. ಆ ಶಬ್ದ ಕೇಳಕ್ಕೇ ಅಷ್ಟು ದೂರ ಹೋಗ್ತೀವಿ ನಿಜ, ಹೊಟ್ಟೆ ಒಳಗೆಲ್ಲ ನಡುಗಿದಂಗಾಗತ್ತೆ, ಅದು ಬೇರೆಲ್ಲೂ ಸಿಗಲ್ಲ, ಆದ್ರೆ ಅದೇ ಶಬ್ದ ಮಿಕ್ಕ ಎಲ್ಲಾ ಶಬ್ದನೂ ನುಂಗಿಬಿಡತ್ತೆ. ಮಗು ಕರೆದ್ರೆ ಕೇಳಲ್ಲ, ಮೇಲಿಂದ ಕಲ್ಲು ಉರುಳಿದ್ರೆ ಕೇಳಲ್ಲ, ಹೊಳೆ ಏರ್ತಾ ಇದ್ರೆ ಕೇಳಲ್ಲ, ದೂರದಲ್ಲಿ ಗುಡುಗಿದ್ರೂ ಗೊತ್ತಾಗಲ್ಲ. ಹಗಲಲ್ಲಾದ್ರೆ ಕಣ್ಣಿದೆ, ರಾತ್ರಿ ಟೆಂಟ್ ಜಿಪ್ ಎಳ್ಕೊಂಡು ಮಲಗಿದ್ಮೇಲೆ ನಮಗೆ ಉಳಿಯೋದು ಕಿವಿ ಒಂದೇ ಅಲ್ವಾ, ಅದನ್ನೂ ಕಳ್ಕೊಂಡು ಯಾಕೆ ಮಲಗ್ಬೇಕು?

ಅದಕ್ಕೆ ನಾನು ಒಂದು ಪರೀಕ್ಷೆ ಮಾಡ್ತೀನಿ, ನೀವೂ ಮಾಡಿ. ಟೆಂಟ್ ಬಿಚ್ಚೋಕೆ ಮುಂಚೆ ಇಬ್ರು ಒಂದು ಹತ್ತು ಹೆಜ್ಜೆ ದೂರ ನಿಂತ್ಕೊಂಡು ಮನೇಲಿ ಮಾತಾಡೋ ದನೀಲೇ ಏನಾದ್ರೂ ಹೇಳಿ. ಕೇಳಿಸಿದ್ರೆ ಜಾಗ ಸರಿ. ಕೂಗ್ಬೇಕಾದ್ರೆ ಇನ್ನೂ ಹಿಂದಕ್ಕೆ ಹೋಗಿ. ಫಾಲ್ಸ್ ಕಾಣ್ದೇ ಇದ್ರೂ ಪರ್ವಾಗಿಲ್ಲ, ಒಂದು ತಿರುವು ದಾಟಿ, ಒಂದು ದಿಬ್ಬದ ಆಚೆಗೆ ಹೋದ್ರೆ ಸಾಕು, ಆ ಭೋರ್ಗರೆತ ಸಣ್ಣ ಗುಂಯ್ ಅನ್ನೋ ಶಬ್ದ ಆಗತ್ತೆ, ನಿದ್ದೆಗೂ ಅದೇ ಚೆನ್ನ. ಮತ್ತೆ ಆ ಗುಂಯ್ ಶಬ್ದ ರಾತ್ರಿ ಬದಲಾದ್ರೆ, ಜೋರಾದ್ರೆ, ನಿಮಗೆ ಎಚ್ಚರ ಆಗತ್ತೆ. ಬುಡದಲ್ಲೇ ಮಲಗಿದ್ರೆ ಅದು ಎರಡು ಪಟ್ಟಾದ್ರೂ ಗೊತ್ತಾಗಲ್ಲ.

ನೀರು ಏರೋ ವಿಷ್ಯ ಸ್ವಲ್ಪ ಗಮನ ಇಟ್ಟು ಕೇಳಿ, ಇದೇ ಮುಖ್ಯ. ನಮ್ಮ ತಲೆ ಮೇಲೆ ಆಕಾಶ ನೀಲಿ ಇದೆ, ಮಳೆ ಇಲ್ಲ, ಹಾಗಾಗಿ ಸೇಫು ಅಂದ್ಕೊಳ್ತೀವಿ, ಆದ್ರೆ ಫಾಲ್ಸಿಗೆ ಬರೋ ನೀರು ಮೇಲೆ ಎಲ್ಲೋ ದೂರದ ಬೆಟ್ಟದಲ್ಲಿ ಬಿದ್ದಿದ್ದು, ಆ ಬೆಟ್ಟ ನಮಗೆ ಕಾಣೋದೇ ಇಲ್ಲ, ಬಂಡೆ ಗೋಡೆ ಅಡ್ಡ ಇರತ್ತೆ. 2024ರ ಜೂನ್ 30ಕ್ಕೆ ಲೋನಾವಳದ ಭುಶಿ ಡ್ಯಾಮ್ ಹಿಂದಿನ ಜಲಪಾತದಲ್ಲಿ ಏನಾಯ್ತು ಅಂತ ಎಲ್ರೂ ನೋಡಿದೀರಿ, ಆ ವಿಡಿಯೋ ಎಲ್ರ ಫೋನಿಗೂ ಬಂದಿತ್ತು, ಒಂದೇ ಕುಟುಂಬದವ್ರು ಹರಿಯೋ ನೀರಿನ ಮಧ್ಯೆ ಒಬ್ಬರನ್ನೊಬ್ಬರು ಹಿಡ್ಕೊಂಡು ನಿಂತಿದ್ರು, ಐದು ಜನ ಹೋಗ್ಬಿಟ್ರು. ನಂಗೆ ಅದನ್ನ ಇನ್ನೊಂದು ಸಲ ನೋಡಕ್ಕಾಗಲ್ಲ. ಅವ್ರೇನೂ ಹುಚ್ಚು ಸಾಹಸ ಮಾಡ್ತಿರಲಿಲ್ಲ, ನಮ್ಮ ಥರಾನೇ ಮಕ್ಕಳ ಜೊತೆ ನೀರಾಡಕ್ಕೆ ಹೋಗಿದ್ರು, ನೀರು ಏರಿದ್ಮೇಲೆ ದಡಕ್ಕೆ ಬರೋಕೆ ದಾರಿ ಇರಲಿಲ್ಲ.

ಹಾಗಾಗಿ ಅಲ್ಲಿ ಹೋದ ತಕ್ಷಣ ಮೊದಲು ನೀರಿನ ಅಂಚಲ್ಲಿ ಒಂದು ಕಡ್ಡಿ ನೆಡಿ, ಇಲ್ಲಾ ಒಂದು ಕಲ್ಲಿಗೆ ಗುರುತಿಟ್ಟುಕೊಳ್ಳಿ, ಆಗಾಗ ನೋಡ್ತಿರಿ, ಈ ಕೆಲ್ಸ ಮಕ್ಕಳಿಗೇ ಕೊಡಿ, ಖುಷಿಯಿಂದ ಮಾಡ್ತಾರೆ. ತಿಳಿಯಾಗಿದ್ದ ನೀರು ಕೆಂಪಗೆ ಆಯ್ತು, ಎಲೆ ಕಡ್ಡಿ ತೇಲ್ಕೊಂಡು ಬರೋಕೆ ಶುರು ಆಯ್ತು, ಹಠಾತ್ತಾಗಿ ತಣ್ಣನೆ ಗಾಳಿ ಬೀಸ್ತು ಅಂದ್ರೆ ಬ್ಯಾಗು ಚಪ್ಪಲಿ ಏನೂ ಹುಡುಕ್ಬೇಡಿ, ಮಕ್ಕಳ ಕೈ ಹಿಡ್ಕೊಂಡು ಮೇಲಕ್ಕೆ ಹತ್ತಿ. ಹೊಳೆ ಗುಂಟ ಕೆಳಕ್ಕೆ ಓಡ್ಬೇಡಿ, ಪಕ್ಕಕ್ಕೆ, ಎತ್ತರಕ್ಕೆ ಹೋಗಿ. ಟೆಂಟ್ ಹಾಕೋ ಜಾಗದಲ್ಲೂ ಸುತ್ತ ಇರೋ ಪೊದೆ, ಮರದ ಬುಡ ನೋಡಿ, ಸೊಂಟದ ಎತ್ತರದಲ್ಲಿ ಒಣಗಿದ ಹುಲ್ಲು ಕಸ ಸಿಕ್ಕಾಕೊಂಡಿದ್ರೆ ಹಿಂದೆ ಯಾವಾಗ್ಲೋ ನೀರು ಅಲ್ಲಿ ತನಕ ಬಂದಿತ್ತು ಅಂತ ಅರ್ಥ. ಸಪಾಟಾಗಿರೋ ಮರಳಿನ ದಂಡೆ ಟೆಂಟ್ ಹಾಕಕ್ಕೆ ಮೆತ್ತಗಿರತ್ತೆ ನಿಜ, ಆದ್ರೆ ಆ ಮರಳನ್ನ ಅಲ್ಲಿಗೆ ತಂದಿದ್ದು ನೀರೇ.

ಹಿಮ ಕರಗಿ ಬರೋ ಜಲಪಾತ ಆದ್ರೆ ಇನ್ನೊಂದು ಲೆಕ್ಕ ಇದೆ. ಹಗಲೆಲ್ಲ ಬಿಸಿಲಿಗೆ ಮೇಲೆ ಹಿಮ ಕರಗತ್ತೆ, ಆ ನೀರು ಕೆಳಗೆ ಬಂದು ಮುಟ್ಟೋ ಹೊತ್ತಿಗೆ ಸಂಜೆ ಆಗಿರತ್ತೆ, ಕೆಲವು ಕಡೆ ರಾತ್ರೀನೇ. ಬೆಳಿಗ್ಗೆ ಮೊಣಕಾಲುದ್ದ ನೀರಲ್ಲಿ ಆರಾಮಾಗಿ ದಾಟಿ ಆಚೆ ದಡದಲ್ಲಿ ಟೆಂಟ್ ಹಾಕಿರ್ತೀರಿ, ಸಂಜೆ ವಾಪಸ್ ದಾಟಕ್ಕೆ ಬಂದ್ರೆ ಸೊಂಟದುದ್ದ ಬಂದಿರತ್ತೆ. ಅಮೇರಿಕಾದ ಯೊಸೆಮಿಟಿ ಜಲಪಾತ ಹೀಗೇ ಹಿಮದ ನೀರಿಂದು, ಮೂರು ಹಂತ ಸೇರಿ 739 ಮೀಟರು, ಮೇ ಜೂನಲ್ಲಿ ಧುಮುಕತ್ತೆ, ಆಗಸ್ಟ್ ಹೊತ್ತಿಗೆ ಎಷ್ಟೋ ವರ್ಷ ಒಣಗೇ ಹೋಗಿರತ್ತೆ. ಅದಕ್ಕೆ ಯಾವ ಜಲಪಾತಕ್ಕೇ ಹೋಗಿ, ಆ ನೀರು ಮಳೆದಾ ಹಿಮದ್ದಾ, ಮೇಲೆ ಡ್ಯಾಮ್ ಇದ್ಯಾ, ಗೇಟ್ ತೆಗೀತಾರಾ ಅಂತ ಅಲ್ಲಿನವ್ರನ್ನ ಕೇಳ್ಕೊಳ್ಳಿ. ರಾತ್ರಿ ಉಳಿಯೋಕೆ ಪರ್ಮಿಷನ್ ಇದ್ಯಾ ಅನ್ನೋದನ್ನೂ ಆಗ್ಲೇ ಕೇಳಿಬಿಡಿ, ಎಷ್ಟೋ ಕಡೆ ಹಗಲು ಬಿಡ್ತಾರೆ, ರಾತ್ರಿ ಬಿಡಲ್ಲ.

ಇನ್ನು ಕಲ್ಲು. ಜಲಪಾತ ಅಂದ್ರೇನೆ ಬಂಡೆಯನ್ನ ನೀರು ದಿನಾ ಕೊರೀತಾ ಇರೋ ಜಾಗ, ಒಂದಲ್ಲ ಒಂದು ದಿನ ಒಂದು ತುಂಡು ಕಳಚ್ಕೊಳ್ಳತ್ತೆ. ಹವಾಯಿಯ ಒವಾಹು ದ್ವೀಪದಲ್ಲಿ ಸೇಕ್ರೆಡ್ ಫಾಲ್ಸ್ ಅಂತಿದೆ, 1999ರ ಮೇ 9, ಅವತ್ತು ತಾಯಂದಿರ ದಿನ, ಬುಡದಲ್ಲಿ ತುಂಬಾ ಜನ ಇದ್ದಾಗ ಮೇಲಿಂದ ಬಂಡೆ ಕುಸಿದು ಎಂಟು ಜನ ಸತ್ತೋದ್ರು, ಆ ಪಾರ್ಕ್ ಅವತ್ತಿಂದ ಮುಚ್ಚೇ ಇದೆ. 100 ಮೀಟರಿಂದ ಒಂದು ಕಲ್ಲು ಬಿಟ್ರೆ ನಾಲ್ಕೂವರೆ ಸೆಕೆಂಡಲ್ಲಿ ಕೆಳಗೆ ಬರತ್ತೆ, ಬರೋ ಹೊತ್ತಿಗೆ ವೇಗ ಗಂಟೆಗೆ 160 ಕಿಲೋಮೀಟರ್ ಹತ್ರ ಇರತ್ತೆ. ಬೇರೆ ಕಡೆ ಆದ್ರೆ ಟಕ್ ಅಂತ ಶಬ್ದ ಕೇಳಿ ತಲೆ ಎತ್ತಿ ನೋಡ್ತೀವಿ, ಪಕ್ಕಕ್ಕೆ ಜಿಗೀತೀವಿ, ಅಲ್ಲಿ ಶಬ್ದಾನೇ ಇಲ್ಲ, ಅದೇ ಕಷ್ಟ. ಬುಡದಲ್ಲಿ ಹೊಸದಾಗಿ ಒಡೆದಂಗೆ ಕಾಣೋ, ಪಾಚಿ ಹಿಡೀದೇ ಇರೋ ಕಲ್ಲುಗಳು ಬಿದ್ದಿದ್ರೆ ಅಲ್ಲಿ ಕೂತ್ಕೊಂಡು ಊಟ ಮಾಡೋದು ಬೇಡ. ನೋಡಿ, ಕಣ್ಣು ತುಂಬಿಸ್ಕೊಂಡು, ಹಿಂದೆ ಬನ್ನಿ.

ಅಕ್ಕನ ಎರಡನೇ ಪ್ರಶ್ನೆ, ನೀರಿಗಿಳಿಯೋದು. ನೀರು ಬೀಳೋ ಗುಂಡಿಗೆ ಬೇಡವೇ ಬೇಡ, ಈಜು ಬಂದ್ರೂ ಬೇಡ. ಅಷ್ಟೆತ್ತರದಿಂದ ಬೀಳೋ ನೀರಲ್ಲಿ ಗಾಳಿ ಗುಳ್ಳೆ ತುಂಬ್ಕೊಂಡಿರತ್ತೆ, ಆ ಬೆಳ್ಳಗೆ ನೊರೆ ಕಾಣತ್ತಲ್ಲ, ಅದು ಬರೀ ನೀರಿಗಿಂತ ಹಗುರ, ಹಾಗಾಗಿ ಅದರಲ್ಲಿ ಮೈ ತೇಲಲ್ಲ, ಜೊತೆಗೆ ಮೇಲಿಂದ ಬೀಳೋ ನೀರು ಕೆಳಕ್ಕೆ ಒತ್ತತ್ತೆ, ಅಡಿಯಲ್ಲಿ ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಎಳ್ಕೊಳ್ಳತ್ತೆ. ಮತ್ತೆ ಆ ನೀರು ತಣ್ಣಗೆ ಕೊರೀತಿರತ್ತೆ, ಧಬಕ್ ಅಂತ ಬಿದ್ರೆ ಮೊದಲ ನಿಮಿಷದಲ್ಲೇ ಉಸಿರು ತಂತಾನೇ ಜೋರಾಗಿ ಒಳಗೆ ಎಳೆಯತ್ತೆ, ಆ ಹೊತ್ತಲ್ಲಿ ತಲೆ ನೀರೊಳಗಿದ್ರೆ ಅಷ್ಟೇ. ಮಕ್ಕಳಿಗೆ ನೀರಾಡ್ಲೇಬೇಕು ಅಂದ್ರೆ ಬಹಳ ಕೆಳಗೆ, ಹೊಳೆ ಅಗಲ ಆಗಿ ನಿಧಾನ ಆಗಿರೋ, ತಳ ಕಾಣೋ ಜಾಗ ಹುಡುಕಿ. ಮತ್ತೆ ಇನ್ನೊಂದು, ಅಲ್ಲಿಂದ ಕೆಳಗೆ ಏನಿದೆ ಅಂತ ಮೊದಲು ನಡ್ಕೊಂಡು ಹೋಗಿ ನೋಡ್ಬಿಟ್ಟು ಬನ್ನಿ. ಎಷ್ಟೋ ಜಲಪಾತಕ್ಕೆ ಕೆಳಗೆ ಇನ್ನೊಂದು ಹಂತ ಇರತ್ತೆ.

ಮೇಲಿನ ತುದಿ ಬುಡಕ್ಕಿಂತ ಅಪಾಯ. ನೀರು ಅಲ್ಲಿ ಎಷ್ಟು ಶಾಂತವಾಗಿರತ್ತೆ ಅಂದ್ರೆ ಕಾಲು ತೊಳ್ಕೊಳ್ಳೋಣ ಅನ್ಸತ್ತೆ. ಅದೇ ಯೊಸೆಮಿಟಿ ಪಾರ್ಕಲ್ಲೇ ವರ್ನಲ್ ಫಾಲ್ ಅಂತ 97 ಮೀಟರಿಂದು, ಆರುನೂರಕ್ಕೂ ಜಾಸ್ತಿ ಒದ್ದೆ ಕಲ್ಲಿನ ಮೆಟ್ಟಿಲು ಹತ್ತಿ ಹೋಗ್ಬೇಕು, ಅಲ್ಲಿ 2011ರ ಜುಲೈನಲ್ಲಿ ಮೂರು ಜನ ರೇಲಿಂಗ್ ದಾಟಿ ನೀರಿಗಿಳಿದು ತುದಿಯಿಂದ ಕೊಚ್ಕೊಂಡು ಹೋದ್ರು. ಒದ್ದೆ ಬಂಡೆ ಮೇಲೆ ಪಾಚಿ ಕಣ್ಣಿಗೆ ಕಾಣಲ್ಲ, ಎಣ್ಣೆ ಸವರಿದ ತವಾ ಥರ ಜಾರತ್ತೆ, ಎಷ್ಟು ಒಳ್ಳೆ ಶೂ ಹಾಕಿದ್ರೂ ಅಷ್ಟೇ. ಹಾಗಾಗಿ ತುದಿಯಲ್ಲಿ ಫೋಟೋ ಬೇಡ, ರೇಲಿಂಗ್ ಇದ್ರೆ ಅದರ ಈಚೆ, ಇಲ್ದಿದ್ರೆ ಅಂಚಿಗೆ ಹೋಗೋದೇ ಬೇಡ. ತುದಿ ಮೇಲೆ ಹೊಳೆ ದಾಟಿ ಹೋಗೋ ದಾರಿ ಇದ್ರೆ ಅದನ್ನ ಬಿಟ್ಟು ಬೇರೆ ಕಡೆಯಿಂದ ಹೋಗಿ, ಎಷ್ಟೇ ಸುತ್ತು ಆಗ್ಲಿ.

ಟೆಂಟಿನ ಮಾತಿಗೆ ಬಂದ್ರೆ, ಬುಡದ ಹತ್ರ ತುಂತುರು ನಿಲ್ಲೋದೇ ಇಲ್ಲ. ವಿಕ್ಟೋರಿಯಾ ಜಲಪಾತ ಇದ್ಯಲ್ಲ, 108 ಮೀಟರ್ ಎತ್ತರ, 1.7 ಕಿಲೋಮೀಟರ್ ಅಗಲ, ಅದರ ತುಂತುರು 400 ಮೀಟರಿಗಿಂತ ಮೇಲಕ್ಕೆ ಏಳತ್ತೆ. ಸಣ್ಣ ಫಾಲ್ಸಲ್ಲೂ ಬೀಳೋ ನೀರೇ ಗಾಳಿ ಎಬ್ಬಿಸತ್ತೆ, ಆ ಗಾಳಿ ತುಂತುರನ್ನ ಟೆಂಟ್ ಮೇಲೆ ತಂದು ಹಾಕತ್ತೆ, ಅರ್ಧ ರಾತ್ರಿಗೆ ಸ್ಲೀಪಿಂಗ್ ಬ್ಯಾಗ್ ತೇವ, ಬಟ್ಟೆ ತೇವ. ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ಒದ್ದೆ ಆದ್ರೆ ಬೆಚ್ಚಗಿಡಲ್ಲ. ಮಕ್ಕಳಿಗೆ ಒಂದೊಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಎತ್ತಿಡಿ, ಮಲಗೋ ತನಕ ಅದನ್ನ ಮುಟ್ಟೋದು ಬೇಡ.

ನೀರಿನ ಅಂಚಿಂದ ಕಡಿಮೆ ಅಂದ್ರೂ 60 ಮೀಟರ್ ದೂರ ಟೆಂಟ್ ಹಾಕಿ, ದೊಡ್ಡೋರ ಹೆಜ್ಜೇಲಿ ಸುಮಾರು ಎಪ್ಪತ್ತು ಎಂಬತ್ತು. ಇದು ಹೊಳೆ ಕೆಡಿಸ್ಬಾರದು ಅಂತ ಇರೋ ಲೆಕ್ಕ, ನಮ್ಮ ಸೇಫ್ಟಿಗೆ ಇನ್ನೂ ಜಾಸ್ತಿ ಬೇಕಾಗ್ಬೋದು, ಎತ್ತರನೂ ಬೇಕು. ಶೌಚಕ್ಕೂ ಅಷ್ಟೇ ದೂರ ಹೋಗಿ, ಒಂದು ಗೇಣು ಆಳ ತೋಡಿ ಮುಚ್ಚಿ. ಹೊಳೆಯಲ್ಲಿ ಸೋಪು ಬೇಡ. ಮೇಲಿಂದ ಬೀಳೋ ನೀರು ಶುದ್ಧ ಅಂತ ಚಿಕ್ಕಮ್ಮ ಮೆಸೇಜ್ ಹಾಕಿದ್ರು, ಹಾಗೇನಿಲ್ಲ ಚಿಕ್ಕಮ್ಮ, ಮೇಲೆ ದನ ಇರ್ತಾವೆ, ಕಾಡುಪ್ರಾಣಿ ಇರ್ತಾವೆ, ಮೇಲಿಂದ ಬಿದ್ದ ಮಾತ್ರಕ್ಕೆ ಕ್ರಿಮಿ ಸಾಯಲ್ಲ. ಕುದಿ ಬಂದ್ಮೇಲೆ ಒಂದು ನಿಮಿಷ ಕುದಿಸಿ, 2000 ಮೀಟರಿಗಿಂತ ಎತ್ತರದಲ್ಲಿದ್ರೆ ಮೂರು ನಿಮಿಷ, ಅಷ್ಟು ಸಾಕು.

ಹೊರಡೋ ಮುಂಚೆ ಕೈ ಸನ್ನೆ ಮಾತಾಡ್ಕೊಳ್ಳಿ. ಎರಡೂ ಕೈ ಮೇಲೆತ್ತಿದ್ರೆ ವಾಪಸ್ ಬಾ, ಒಂದು ಕೈ ಅಡ್ಡ ಮಾಡಿದ್ರೆ ಅಲ್ಲೇ ನಿಲ್ಲು, ಈ ಥರ ಏನಾದ್ರೂ, ಮಕ್ಕಳು ಬೇಗ ಕಲೀತಾರೆ. ಬುಡದಲ್ಲಿ ವಿಸಿಲ್ಲೂ ಸರಿಯಾಗಿ ಕೇಳಲ್ಲ, ಹಾಗಾಗಿ ಕತ್ತಲಾದ್ಮೇಲೆ ಪ್ರತಿಯೊಬ್ರ ತಲೆಗೂ ಟಾರ್ಚ್ ಇರ್ಲಿ, ಚಿಕ್ಕವ್ರಿಗೂ. ಮತ್ತೆ ಕತ್ತಲಲ್ಲಿ ಯಾರೂ ಒಬ್ರೇ ನೀರು ತರಕ್ಕೆ ಹೋಗ್ಬಾರ್ದು, ಬೇಕಾಗಿದ್ದನ್ನ ಬೆಳಕಿದ್ದಾಗ್ಲೇ ತುಂಬಿಟ್ಕೊಳ್ಳಿ.

ಇಷ್ಟೆಲ್ಲ ಕೇಳಿ ಹೆದರ್ಕೊಂಡು ಕ್ಯಾನ್ಸಲ್ ಮಾಡ್ಬೇಡಿ, ನಾನು ಇದನ್ನೆಲ್ಲ ಹೇಳ್ತಿರೋದೇ ನೀವು ಹೋಗ್ಲಿ ಅಂತ. ಪ್ರಪಂಚದಲ್ಲೇ ಎತ್ತರದ ಜಲಪಾತ ಅಂತ ಹೆಸರಾಗಿರೋ ವೆನೆಜುವೆಲಾದ ಏಂಜಲ್ ಫಾಲ್ಸ್ 979 ಮೀಟರು, ಅಲ್ಲಿಗೆ ದೋಣೀಲಿ ಹೋದವ್ರು ರಾತ್ರಿ ಮಲಗೋದು ಹೊಳೆ ಆಚೆ ದಡದ ಕ್ಯಾಂಪಲ್ಲಿ, ಹ್ಯಾಮಕ್ ಕಟ್ಕೊಂಡು. ಅಲ್ಲಿಂದ ಕಾಡಲ್ಲಿ ಒಂದು ಗಂಟೆ ಮೇಲೆ ಹತ್ತಿದ್ರೆ ನೋಡೋ ಜಾಗ. ದೂರದಿಂದ್ಲೇ ಅದು ಪೂರ್ತಿ ಕಾಣೋದು, ಬುಡದಲ್ಲಿ ನಿಂತ್ರೆ ಕತ್ತು ನೋಯತ್ತೆ, ಮೇಲಿನ ಅರ್ಧ ಕಾಣಲ್ಲ. ನಿಮಗೂ ಹಾಗೇ ಆಗತ್ತೆ ನೋಡ್ತಿರಿ, ದೂರ ಟೆಂಟ್ ಹಾಕಿದ್ದಕ್ಕೇ ಚೆನ್ನಾಗಿ ಕಾಣತ್ತೆ.

ಮತ್ತೆ ಕಾಮನಬಿಲ್ಲು, ಇದನ್ನ ಮಕ್ಕಳಿಗೆ ತೋರಿಸ್ಲೇಬೇಕು. ಸೂರ್ಯ ಬೆನ್ನ ಹಿಂದೆ ಇರ್ಬೇಕು, ತುಂತುರು ಮುಂದೆ ಇರ್ಬೇಕು, ಕೆಳಗಿಂದ ನೋಡೋರಿಗೆ ಸೂರ್ಯ 42 ಡಿಗ್ರಿಗಿಂತ ಕೆಳಗಿರ್ಬೇಕು. ಅಂದ್ರೆ ಫಾಲ್ಸ್ ಪೂರ್ವಕ್ಕೆ ಮುಖ ಮಾಡಿದ್ರೆ ಬೆಳಿಗ್ಗೆ ಸಿಗತ್ತೆ, ಪಶ್ಚಿಮಕ್ಕಿದ್ರೆ ಸಂಜೆ, ರಾತ್ರಿ ಅಲ್ಲೇ ಉಳಿಯೋರಿಗೆ ಎರಡರಲ್ಲಿ ಯಾವ ಹೊತ್ತಿಂದಾದ್ರೂ ನೋಡೋ ಚಾನ್ಸ್ ಇದೆ, ಹಗಲು ಬಂದು ಹೋಗೋರಿಗೆ ತಪ್ಪಿಹೋಗ್ಬೋದು. ಹುಣ್ಣಿಮೆ ರಾತ್ರಿ ಬೆಳದಿಂಗಳಲ್ಲೂ ಬಿಲ್ಲು ಮೂಡತ್ತೆ ಗೊತ್ತಾ, ವಿಕ್ಟೋರಿಯಾದಲ್ಲೂ ಯೊಸೆಮಿಟಿಯಲ್ಲೂ ಅದನ್ನ ನೋಡಕ್ಕೇ ಜನ ಹೋಗ್ತಾರೆ, ಕಣ್ಣಿಗೆ ಬೂದು ಬಿಳುಪಾಗಿ ಕಾಣತ್ತೆ, ಕ್ಯಾಮೆರಾ ಸ್ವಲ್ಪ ಹೊತ್ತು ತೆರೆದಿಟ್ರೆ ಬಣ್ಣ ಬರತ್ತೆ. ಆದ್ರೆ ಅದು ರೇಲಿಂಗ್ ಇರೋ, ದಾರಿ ಸರಿ ಇರೋ ಕಡೆಯಿಂದ ಮಾತ್ರ.

ಅಕ್ಕ, ಯಾವ ಜಾಗ ಅಂತ ಫಿಕ್ಸ್ ಆದ್ಮೇಲೆ ಮ್ಯಾಪ್ ಗ್ರೂಪಲ್ಲಿ ಹಾಕು, ಮೇಲೆ ಹೊಳೆ ಎಲ್ಲಿಂದ ಬರತ್ತೆ, ಎತ್ತರದ ಜಾಗ ಯಾವ ಕಡೆ ಇದೆ ಅಂತ ಕೂತು ನೋಡೋಣ, ಭಾವನೂ ಇರ್ಲಿ. ಡೇಟ್ ಇನ್ನೂ ಹಾಕ್ಬೇಡಿ, ಮೇಲಿನ ಬೆಟ್ಟದ ಮಳೆ ಫೋರ್‌ಕಾಸ್ಟ್ ನೋಡ್ಕೊಂಡು ಹಾಕೋಣ.