ಅಪ್‌ಡೇಟ್: ಬೇಸಿಗೆಯಲ್ಲಿ ಕಾದಂಬರಿ ಬರೆಯೋದು ಹೇಗೆ ಅಂತ ಕೇಳಿದ್ದೆ

ಮಾರ್ಚ್‌ನಲ್ಲಿ ಕೇಳಿದ್ದೆ, ನೆನಪಿದೆಯಾ? ನಮ್ಮ ಮನೆ ವಿರಾಜಪೇಟೆ ಹತ್ತಿರ. ರಜೆ ಬಂತೆಂದರೆ ನೆಂಟರು, ಮದುವೆ, ಓಡಾಟ. ಇದರ ನಡುವೆ ಮೇ ಮುಗಿಯುವಷ್ಟರಲ್ಲಿ 20,000 ಪದ ಬರೆಯೋದು ಹೇಗೆ ಅಂತ. "ಎಲ್ಲರೂ ಏಳುವ ಮೊದಲೇ ಕೂತು ಬರೀರಿ" ಅಂದಿದ್ದಿರಿ.

ಬೆಳಿಗ್ಗೆ 5ಕ್ಕೆ ಏಳತೊಡಗಿದೆ. ಒಂದು ವಾರ ಚೆನ್ನಾಗಿ ನಡೆಯಿತು. ಅಷ್ಟರಲ್ಲಿ ಹೂಮಳೆ (ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ) ಬಿತ್ತು, ಹಿಂದೆಯೇ ಕಾಫಿ ಹೂ ಬಿಟ್ಟಿತು. ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಘಮ, ಜೇನುಹುಳಗಳ ಸದ್ದು ಜಗಲಿವರೆಗೂ. ಪೆನ್ನು ಇಟ್ಟು ತೋಟಕ್ಕೆ ಹೋದೆ. ಆ ಹೂ ಮೂರ್ನಾಲ್ಕು ದಿನಕ್ಕೆ ಬಾಡುತ್ತದೆ, ಅಲ್ವಾ? ಬರೆಯಲಿಲ್ಲ ಅಂತ ಬೇಸರವಿಲ್ಲ.

ಮೈಸೂರಿನ ಮದುವೆಗೆ ಹೋಗುವಾಗ ಬಸ್ಸಲ್ಲೇ ಬರೀರಿ ಅಂತ ಒಬ್ಬರು ಹೇಳಿದ್ದರು. ತಿತಿಮತಿ ದಾರಿಯಲ್ಲಿ ಅಕ್ಷರ ನೆಟ್ಟಗೆ ಕೂರಲೇ ಇಲ್ಲ. ಆದರೆ ಪಕ್ಕದ ಸೀಟಿನಲ್ಲಿ ಒಬ್ಬರು ಅಜ್ಜಿ ಇದ್ದರು. ಮಗಳಿಗೆ ಅಂತ ತಂದ ಕರಿಮೆಣಸಿನ ಗಂಟನ್ನು ಹುಣಸೂರು ದಾಟಿದರೂ ಮಡಿಲಿಂದ ಇಳಿಸಲಿಲ್ಲ. ಕಂಡಕ್ಟರ್ "ಮೇಲಿಡಿ ಅಜ್ಜಿ" ಅಂದರೆ "ಇರಲಿ ಮಗ, ಭಾರ ಇಲ್ಲ" ಅಂದರು. ನನ್ನ ಕಾದಂಬರಿಯ ಅಜ್ಜಿ ಎರಡು ವರ್ಷದಿಂದ ಬಾಯೇ ಬಿಟ್ಟಿರಲಿಲ್ಲ. ಆ ರಾತ್ರಿ ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ಕೂತು ಅವಳ ಅಧ್ಯಾಯ ಪೂರ್ತಿ ಬರೆದೆ.

ಒಟ್ಟು ಆಗಿದ್ದು 12,400 ಪದ. ನೆಂಟರಿದ್ದ ಹನ್ನೊಂದು ದಿನ ಒಂದು ಸಾಲೂ ಇಲ್ಲ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬೇಯಿಸೋದರಲ್ಲೇ ಹೊತ್ತು ಹೋಯಿತು.

ಈಗ ಮಳೆ ಹಿಡಿದಿದೆ. ಕರೆಂಟ್ ಜಾಸ್ತಿ ಹೊತ್ತು ಇರಲ್ಲ, ನೋಟ್‌ಬುಕ್ಕಲ್ಲೇ ಬರೀತಿದ್ದೇನೆ. ಬೆಳಗಿನ 5 ಗಂಟೆ ಮಾತ್ರ ಬಿಟ್ಟಿಲ್ಲ. ಹೇಳಿಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.