ಸಹಾಯ ಬೇಕು: ಹೊನ್ನಾವರ-ಕುಮಟಾ ಕಡೆ ತೋಟದಲ್ಲಿ ಟೆಂಟ್, ಮಕ್ಕಳು ಮತ್ತು ಅತ್ತೆಯ ಜೊತೆ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ಬನಶಂಕರಿಯವರು. ಡಿಸೆಂಬರ್ ಕೊನೆಯ ವಾರ ಯಾರದಾದರೂ ಅಡಿಕೆ-ತೆಂಗಿನ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಇರುವ ಆಸೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ಕಾಡು. ಪಂಚಗಂಗಾ ರೈಲಿಗೆ ಹೊರಟು ಬೆಳಿಗ್ಗೆ ಕುಮಟಾದಲ್ಲಿ ಇಳಿಯುವ ಯೋಚನೆ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಹೊನ್ನಾವರದ ಕಾಸರಕೋಡು ಬೀಚಿಗೆ ಹತ್ತಿರವಿದ್ದರೆ ಇನ್ನೂ ಒಳ್ಳೆಯದು.

ಕಳೆದ ವರ್ಷ ಬೇರೊಂದು ಕಡೆ 'ಫ್ಯಾಮಿಲಿ ಕ್ಯಾಂಪಿಂಗ್' ಅಂತ ನಂಬಿ ಹೋಗಿ ಬೇಸ್ತು ಬಿದ್ದೆವು. ರಾತ್ರಿ ಎರಡರವರೆಗೆ ಡಿಜೆ. ಟಾಯ್ಲೆಟ್ ತೋಟದ ಆ ತುದಿಯಲ್ಲಿ. ಮಗಳನ್ನು ಮೊಬೈಲ್ ಬೆಳಕಲ್ಲಿ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಹಾಸಿಗೆ ತುಂಬಾ ಕೆಂಪಿರುವೆ! (ಜಿಪ್ ಹಾಕದೆ ಹೋಗಿದ್ದು ನಾನೇ, ಒಪ್ಪಿದೆ.)

ಅತ್ತೆಗೆ ಮಂಡಿ ನೋವು, ನೆಲದಿಂದ ಏಳೋದು ಕಷ್ಟ. ಹಾಗಾಗಿ ಹತ್ತಿರದಲ್ಲೇ ಕಮೋಡ್ ಬೇಕು. ಟೆಂಟಿನೊಳಗೆ ಮಂಚ ಹಾಕಿಕೊಡುತ್ತಾರಾ, ಇಲ್ಲ ಮನೆಯಲ್ಲೇ ಒಂದು ಕೋಣೆ ಸಿಗುತ್ತಾ? ಊಟಕ್ಕೆ ಕುಚ್ಚಲಕ್ಕಿ ಅನ್ನ, ತಂಬುಳಿ ಸಾಕು. ಡಿಸೆಂಬರಲ್ಲೂ ತೋಟದೊಳಗೆ ಉಂಬಳ (ಜಿಗಣೆ) ಇರುತ್ತಾ? ಇಬ್ಬನಿಗೆ ಟೆಂಟ್ ಮೇಲೆ ಟಾರ್ಪಾಲ್ ಬೇಕಾ?

ಮಕ್ಕಳ ಜೊತೆ ಹೋಗಿ ಬಂದವರು ದಯವಿಟ್ಟು ತಿಳಿಸಿ. ರೀಲ್ಸ್ ಲಿಂಕ್ ಬೇಡ, ಅವನ್ನು ನಾವೂ ಬೇಕಾದಷ್ಟು ನೋಡಿದ್ದೇವೆ.